ಚೆಕ್‌ರೋಲಿನಲ್ಲಿ ಇಲ್ಲದ ಹೆಂಗಸರು

ವಿಕ್ಟೋರಿಯಾ ಕಾಲದ ಕಾದಂಬರಿ ಓದಿಕೊಂಡು ಕಾಫಿ ತೋಟಕ್ಕೆ ಸಂಶೋಧನೆಗೆ ಇಳಿದವಳಿಗೆ ಮರ್ಯಾದೆ ಹೋಗುವ ಸಂದರ್ಭಗಳಿಗೆ ಬರವೇ ಇಲ್ಲ. ತೊಂಬತ್ತರ ದಶಕವಿಡೀ ನನ್ನದು ಹೋಗ್ತಾನೇ ಇತ್ತು.

ಚಿಕ್ಕಮಗಳೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಪಿಎಚ್.ಡಿ.ಗೆ ಆರಿಸಿಕೊಂಡದ್ದು ಬ್ರಿಟಿಷರ ಕಾಲದ ಎಸ್ಟೇಟುಗಳ ಹೆಂಗಸರ ಚರಿತ್ರೆ. ಬಂಗಲೆಯ ದೊರೆಸಾನಿಯರ ಪತ್ರ, ದಿನಚರಿ ಬೇಕಾದಷ್ಟು ಸಿಕ್ಕವು. ಕಾಫಿ ಹಣ್ಣು ಕೊಯ್ದ ಹೆಂಗಸರ ಬಗ್ಗೆ ಒಂದು ಚೀಟಿಯೂ ಇಲ್ಲ. "ಹೆಸರೇ ಇಲ್ಲದವರ ಮೇಲೆ ಅಧ್ಯಾಯನಾ? ಆಧಾರ ಸಿಕ್ಕದಿದ್ರೆ ಕಿತ್ತುಹಾಕಿ" ಅಂದರು ನನ್ನ ಗೈಡು. ಆ ಅಧ್ಯಾಯಕ್ಕಾಗಿಯೇ ನಾನು ಥೀಸಿಸ್ ಹಿಡಿದದ್ದು. ಆಧಾರ ಹುಡುಕಿಕೊಂಡು ಹೊರಟೆ.

ರೈಟರ ಪುಸ್ತಕ

ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಬರೆಯುವ ರೈಟರು ಅಟ್ಟದಿಂದ ಹಳೇ ಚೆಕ್‌ರೋಲ್ ಪುಸ್ತಕ ಇಳಿಸಿಕೊಟ್ಟರು. ಆಸೆಯಿಂದ ಬಿಚ್ಚಿದೆ. 'ಮೇಸ್ತ್ರಿ ಹೆಂಡತಿ.' 'ಸದರಿಯವಳ ತಂಗಿ.' 'ಸದರಿಯವಳ ನಾದಿನಿ.' 'ಇನ್ನೊಬ್ಬಳು.'

"ಈ ಇನ್ನೊಬ್ಬಳು ಯಾರು ಸಾರ್?"

"ಮುಂದಿನ ಸಾಲು ನೋಡಿ ಮೇಡಂ, ಗೊತ್ತಾಗ್ಬಹುದು."

ನೋಡಿದೆ. 'ಮತ್ತೊಬ್ಬಳು.'

ಕೂತು ಹೇಳಕ್ಕೆ ಬರಲ್ಲ

ರೈಟರೇ ತೋಟದಾಳುಗಳ ಲೈನ್ ಮನೆಯ ಅಜ್ಜಿಯೊಬ್ಬರ ಹತ್ತಿರ ಕಳಿಸಿದರು. ಎಪ್ಪತ್ತು ದಾಟಿದ್ದರೂ ಕೊಯ್ಲು ಬಿಟ್ಟಿರಲಿಲ್ಲ.

"ಹೆಸರು ಎಲ್ಲಾ ಗೊತ್ತು ಮೇಡಮ್ಮ. ಆದ್ರೆ ಕೂತು ಹೇಳಕ್ಕೆ ಬರಲ್ಲ, ಕೈ ಆಡ್ತಿರ್ಬೇಕು" ಅಂದವರೇ ನನ್ನ ಸೊಂಟಕ್ಕೂ ಒಂದು ಚೀಲ ಕಟ್ಟಿ ಕೊಯ್ಲಿಗೆ ಕರೆದೊಯ್ದರು.

ಮಂಜು ಕವಿದಾಗ ಯಾರೂ ಹಿಂದೆ ಉಳಿಯಬಾರದು ಅಂತ ಸಾಲಿನಲ್ಲಿ ಕೊಯ್ಯುವವರ ಹೆಸರು ಹಿಡಿದು ಕೂಗುವುದು ಅವರ ರೂಢಿ. ಅವತ್ತೂ ಮಂಜು ಕವಿಯಿತು, ಕೂಗು ಶುರುವಾಯಿತು, ಇದ್ದವರದು ಮುಗಿಯಿತು. ಅಜ್ಜಿ ನಿಲ್ಲಿಸಲಿಲ್ಲ. ತನ್ನವ್ವ, ಅವ್ವನ ಅವ್ವ, ಅವರ ಜೊತೆ ಸಾಲು ಹಿಡಿದವರು, ಸತ್ತು ಎಷ್ಟೋ ಕಾಲವಾದವರನ್ನೆಲ್ಲ ಒಬ್ಬೊಬ್ಬರಾಗಿ ಕೂಗಿದರು. ಅವ್ವ ಕೂಗಿದ್ದನ್ನು ಕೇಳಿ ಕಲಿತದ್ದಂತೆ. ನನ್ನ ರೆಕಾರ್ಡರಿನ ಟೇಪಿನ ಎರಡೂ ಬದಿ ತುಂಬಿತು. ಅಬ್ಬಾ, ಇಷ್ಟನ್ನೂ ಒಂದಕ್ಷರ ಬರೆಯದೆ ಉಳಿಸಿಕೊಂಡಿದ್ದಾರಲ್ಲ!

ಅಜ್ಜಿ ನನ್ನ ಚೀಲದೊಳಗೆ ಇಣುಕಿದರು. "ಅಯ್ಯೋ ಮೇಡಮ್ಮ, ಬರೀ ಕಾಯಿ ಕೊಯ್ದಿದೀರಲ್ಲ! ಹಣ್ಣು ಕೆಂಪಗಿರುತ್ತೆ ಅಂತ ನಿಮ್ಮ ಪುಸ್ತಕದಲ್ಲಿ ಹಾಕಿಲ್ವಾ?"

ವೈವಾ

ಥೀಸಿಸ್ ಮುಗಿದು ಮೌಖಿಕ ಪರೀಕ್ಷೆ ಬಂತು. "ಪರೀಕ್ಷೆ ನಾನೂ ನೋಡ್ಬೇಕು" ಅಂತ ಹಠ ಹಿಡಿದು ಅಜ್ಜಿಯೂ ಬಸ್ಸು ಹತ್ತಿದರು.

ಹೊರಗಿನಿಂದ ಬಂದ ಪರೀಕ್ಷಕರು ಮಹಾ ವಿದ್ವಾಂಸರು. ಇಂಗ್ಲೆಂಡಿನ ದೊಡ್ಡ ಮನೆತನಗಳ ಹೆಂಗಸರನ್ನು ನಾಲ್ಕು ತಲೆಮಾರು ಹಿಂದಕ್ಕೆ ಗಡಗಡ ಹೇಳಬಲ್ಲವರು. ಕೊಯ್ಲಿನ ಹೆಂಗಸರ ಅಧ್ಯಾಯಕ್ಕೆ ಬಂದಾಗ ಮುಖ ಗಂಟಿಕ್ಕಿದರು. "ಬಾಯಲ್ಲಿ ಹೇಳಿದ್ದನ್ನ ಆಧಾರ ಅನ್ನೋಕಾಗುತ್ತಾ? ಇಷ್ಟು ಹೆಸರು ಯಾರಿಗೆ ನೆನಪಿರುತ್ತೆ?"

ಹಿಂದಿನ ಬೆಂಚಿನಿಂದ ಅಜ್ಜಿ ಎದ್ದರು. "ಸ್ವಾಮಿ, ನಿಮ್ಮಜ್ಜಿ ಹೆಸರೇನು?"

ಪರೀಕ್ಷಕರು ನಗುತ್ತಾ ಹೇಳಿದರು.

"ಅವರವ್ವಂದು?"

ಪರೀಕ್ಷಕರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಗೈಡಿನ ಮುಖ ನೋಡಿದರು. ತನ್ನನ್ನೂ ಕೇಳಿಬಿಟ್ಟರೆ ಅಂತ ಗೈಡು ಕಿಟಕಿಯಾಚೆ ನೋಡತೊಡಗಿದರು.

"ಗೊತ್ತಿಲ್ಲಮ್ಮ" ಅಂದರು ಪರೀಕ್ಷಕರು, ಮೆಲ್ಲಗೆ. ಆಮೇಲೆ ಪೆನ್ನು ತೆಗೆದು, "ಅಧ್ಯಾಯ ಇರಲಿ" ಅಂತ ಸಹಿ ಹಾಕಿದರು.

ಅಜ್ಜಿ ನನ್ನ ಕಿವಿಯ ಹತ್ತಿರ ಬಂದು, ಇಡೀ ಕೋಣೆಗೆ ಕೇಳುವ ಹಾಗೆ ಪಿಸುಗುಟ್ಟಿದರು: "ಪಾಪ ಮೇಡಮ್ಮ, ಅವರನ್ನ ಪಾಸು ಮಾಡ್ಬಿಡಿ. ಹೇಳ್ಕೊಡೋರು ಯಾರೂ ಇರ್ಲಿಲ್ಲ ಅನ್ಸುತ್ತೆ."