ನಾಲ್ಕು ಚೌಕದಲ್ಲಿ ಒಂದು ಕೆಂಪು

ಕಂಪ್ಯೂಟರಿಗೆ ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಹೆಂಡತಿಗೆ ಹೇಳುತ್ತೇನೆ, ಡಾಕ್ಟರಿಗೆ ಹೇಳುತ್ತೇನೆ, ದೇವರೆದುರು ನಿಂತು ಕೂಡ ಒಂದೆರಡು ಹೇಳಿದ್ದುಂಟು. ಆ ಪರದೆಯ ಮುಂದೆ ಕೂತರೆ ಮಾತ್ರ ಪೊಲೀಸ್ ಠಾಣೆಯಲ್ಲಿ ಕೂತ ಹಾಗೆ ಎಲ್ಲವನ್ನೂ ಕಕ್ಕಿಬಿಡುತ್ತೇನೆ.

ನಮ್ಮದು ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡಿ ಹೊರದೇಶಕ್ಕೆ ಕಳಿಸುವ ಫ್ಯಾಕ್ಟರಿ. ಮ್ಯಾನೇಜರುಗಳು ನಾಲ್ವರು. ಮರ ತರಿಸುವವರು, ಕಡೆಯುವ ವಿಭಾಗದ ಶಿವನಂಜಪ್ಪ, ಬಣ್ಣದವರು, ಕೊನೆಯಲ್ಲಿ ಪ್ಯಾಕಿಂಗಿನ ನಾನು. ಒಮ್ಮೆ ದೊಡ್ಡ ಆರ್ಡರೊಂದು ತಡವಾಯಿತು. ನಮ್ಮಲ್ಲಿ ಪರಸ್ಪರ ತಿಳುವಳಿಕೆ ಸಾಲದೆಂದು ಹೆಡ್ಡಾಫೀಸಿನವರು ಒಂದು ಸಾಫ್ಟ್‌ವೇರು ಕಳಿಸಿದರು. ಒಬ್ಬೊಬ್ಬರೇ ಕೂತು ತಡಕ್ಕೆ ಕಾರಣ ಬರೆಯಬೇಕು. ಅದು ನಾಲ್ಕೂ ಉತ್ತರ ಜೋಡಿಸಿ ಚಿತ್ರ ಬರೆದು ತೋರಿಸುತ್ತದೆ. ಜೊತೆಗೇ ಇನ್ನೊಂದು ಸುದ್ದಿ ಹಬ್ಬಿತು. ಚಿತ್ರ ನೋಡಿಕೊಂಡು ಒಬ್ಬರನ್ನು ಮಾಗಡಿಯ ಹೊಸ ಗೋಡೌನಿಗೆ ಹಾಕುತ್ತಾರಂತೆ. ಬೈರಾಪಟ್ಟಣದ ಮನೆಯಿಂದ ಹಾಯಾಗಿ ಸೈಕಲ್ ತುಳಿದು ಬರುತ್ತಿದ್ದ ನಾನು ಅಂದೇ ಮಾಗಡಿಗೆ ಎಷ್ಟು ದೂರವೆಂದು ವಿಚಾರಿಸಿಕೊಂಡು ಬಂದೆ.

ನೀವೇ ಹೇಳಿ, ಮಾಲು ಕೊನೆಗೆ ದಾಟುವುದು ನನ್ನ ಕೈಯಿಂದ, ಬೆರಳು ಮೊದಲು ತಿರುಗುವುದೂ ನನ್ನ ಕಡೆಗೇ. ನಿಜವಾಗಿ ತಡವಾದದ್ದು ಶಿವನಂಜಪ್ಪ ಅಕ್ಕನ ಮಗಳ ಮದುವೆಗೆಂದು ಅರ್ಧ ಕೆಲಸಗಾರರನ್ನು ಕಟ್ಟಿಕೊಂಡು ಮರಳವಾಡಿಗೆ ಹೋಗಿ ಒಂದು ವಾರ ಕೂತಿದ್ದರಿಂದ. ಆ ಮದುವೆಯಲ್ಲಿ ನಾನೂ ಹೊಟ್ಟೆ ಬಿರಿಯುವಂತೆ ಉಂಡಿದ್ದೆ. ಆದರೂ ಬರೆದೆ, ಹೆಸರು ಸಮೇತ.

ಸೋಮವಾರ ಮೀಟಿಂಗಿನಲ್ಲಿ ಗೋಡೆಯ ಮೇಲೆ ಚಿತ್ರ ಮೂಡಿತು. ಮೂರು ಹಸಿರು ಚೌಕ, ಮೂರರಲ್ಲೂ ಒಂದೇ ಮಾತು: ಕರೆಂಟು ಇರಲಿಲ್ಲ. ಅವರೇನೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಶಿವನಂಜಪ್ಪನನ್ನು ಬಿಟ್ಟು ಉಳಿದಿಬ್ಬರಿಗೆ ದಿನಾ ಜೊತೆಗೆ ಕೂತು ಉಣ್ಣುವವನ ಹೆಸರು ಬರೆಯಲು ಕೈ ಬಂದಿರಲಿಲ್ಲ, ಅಷ್ಟೆ. ನಾಲ್ಕನೆಯ ಚೌಕ ಮಾತ್ರ ಕೆಂಪು. ಒಳಗೆ ಶಿವನಂಜಪ್ಪನ ಹೆಸರು, ಮದುವೆಯ ವಿವರ, ಕೆಳಗೆ ಪ್ಯಾಕಿಂಗ್ ವಿಭಾಗ. ಹೆಡ್ಡಾಫೀಸಿನ ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಈ ತಂಡದಲ್ಲಿ ಹೊಂದಿಕೆಯಿಲ್ಲದವರು ಒಬ್ಬರೇ ಎಂದು ತೀರ್ಪು ಕೊಟ್ಟರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೊರಗೆ ಬಂದಾಗ ಶಿವನಂಜಪ್ಪ ಹೆಗಲ ಮೇಲೆ ಕೈ ಹಾಕಿದ.

“ಬರೆಯಾದ್ ಬರೆದೆ, ಒಸಿ ಸರಿಯಾಗಿ ಬರೀಬಾರ್ದಾ? ವಾರ ಅಲ್ಲ ಕಣ್ಲಾ, ಒಂಬತ್ ದಿನ ಹೋಗ್ಬುಟ್ಟಿದ್ದೆ” ಅಂದ. ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಮಾಗಡಿಯ ಗೋಡೌನಿಗೆ ನಾನೊಬ್ಬನೇ ಮ್ಯಾನೇಜರು. ಕಿಟಕಿಯಾಚೆ ಸಾವನದುರ್ಗ, ಒಳಗೆ ನಾನು. ಸಾಫ್ಟ್‌ವೇರು ಇಲ್ಲಿಗೂ ಬಂದಿದೆ. ಪ್ರತಿ ಸೋಮವಾರ ಬರೆಯುತ್ತೇನೆ, ಪರದೆಯೆಲ್ಲ ಹಸಿರಾಗಿ ನೂರಕ್ಕೆ ನೂರು ಒಮ್ಮತ ಎಂದು ಅಭಿನಂದಿಸುತ್ತದೆ. ಮೊನ್ನೆ ಅದರ ಪ್ರಿಂಟು ತೆಗೆಸಿ ಮನೆಗೆ ಒಯ್ದು ಹೆಂಡತಿಗೆ ತೋರಿಸಿದೆ. ಅವಳು ಎರಡು ಸಲ ಓದಿ, “ಯಾರ ಜೊತೆ?” ಅಂದಳು.