ಮೂಗಿಗೆ ಮಣ್ಣು ಕೊಟ್ಟ ದಿನ

ನಾಬುಲ್ ಊರಿನ ಹುಳಿಕಿತ್ತಳೆ ಮರಗಳೆಲ್ಲ ಹೂಬಿಟ್ಟು, ಅಂಗಳ ಅಂಗಳದಲ್ಲೂ ಹಂಡೆ ಹೂಡಿ ಹೂನೀರು ಇಳಿಸುವ ಕಾಲ. ರಂಜಾನ್ ತಿಂಗಳ ಒಂದು ಬುಧವಾರ, ಮಧ್ಯಾಹ್ನ ಮೂರರ ಹೊತ್ತು. ಪ್ರಯೋಗಾಲಯದ ಚಾಲಕ ಮೊಂಜಿ ಟ್ಯೂನಿಸ್ ವಿಮಾನ ನಿಲ್ದಾಣದಿಂದ ಬಿಳಿ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತಂದು ನೋಡುತ್ತಾನೆ, ಗೇಟಿಗೆ ಬೀಗ. ಉಪವಾಸದ ತಿಂಗಳು, ಎಲ್ಲರೂ ಎರಡಕ್ಕೇ ಮನೆ ಸೇರಿದ್ದರು.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ರಫೀಕಾ ಫೋನಿನಲ್ಲೇ ಆಕಳಿಸಿದರು. "ಇಫ್ತಾರ್ ಮುಗಿಸ್ಕೊಂಡು ಬರ್ತೀನಿ ಮೊಂಜಿ, ಅಲ್ಲೀತನಕ ನಿನ್ನ ಹತ್ರಾನೇ ಇಟ್ಕೊ. ಮನುಷ್ಯನ ಮೂಗಲ್ಲಿ ವಾಸನೆ ಹಿಡಿಯೋ ಪ್ರೋಟೀನು ಅದು. ವರ್ಷಗಟ್ಟಲೆ ಕಾದು ತರಿಸಿದ್ದು. ಕರಗಿತೋ, ನಾಳೆಯಿಂದ ನೀನು ಬರೋದೇ ಬೇಡ."

ಮೊಂಜಿ ಪೆಟ್ಟಿಗೆಯನ್ನು ಹಸುಗೂಸಿನಂತೆ ಅವಚಿಕೊಂಡು ಮನೆಗೆ ತಂದ. ಒಳಗಿನ ಡ್ರೈ ಐಸ್ ಸರಿಯಿದೆಯೋ ಎಂದು ಮುಚ್ಚಳ ಸರಿಸಿದ್ದೇ ತಡ, ಬುಸ್ಸೆಂದು ಬಿಳಿ ಹೊಗೆ ಎದ್ದಿತು. ಹೊಗೆಯ ಹಿಂದೆಯೇ ಪಕ್ಕದ ಮನೆಯ ಸಲ್ಹಾ ಖಾಲಾ ಹಾಜರ್.

"ಏನೋ ಅದು, ಉಪವಾಸದ ಹೊತ್ತಲ್ಲಿ ಒಲೆ ಹಚ್ಚಿದ್ದೀಯಾ?"

"ಒಲೆ ಅಲ್ಲ ಖಾಲಾ. ಮನುಷ್ಯನ ಮೂಗಿಂದು. ಮುಟ್ಟಬೇಡ."

ಖಾಲಾ ಎದೆ ಹಿಡಿದುಕೊಂಡು ಹೋದಳು. ಹಸಿದ ಮೊಂಜಿ ಪೆಟ್ಟಿಗೆಯ ಪಕ್ಕದಲ್ಲೇ ಉರುಳಿ, ಸೋರಿದ ಚೀಲದಂತೆ ನಿದ್ದೆಹೋದ.

ಎದ್ದಾಗ ಪೆಟ್ಟಿಗೆ ಇರಲಿಲ್ಲ.

"ಬೆಹಿಜಾ, ಪೆಟ್ಟಿಗೆ ಎಲ್ಲೇ?"

"ಸಲ್ಹಾ ಖಾಲಾ ಹೋಗಿ ಹೇಳಿದ್ಲಂತೆ, ಮಸೀದಿಯ ಶೇಖ್ ತಿಜಾನಿ ಬಂದು ತಗೊಂಡ್ಹೋದ್ರು," ಎಂದಳು ಹೆಂಡತಿ ಸೂಪು ಕದಡುತ್ತ. "ಆದಮನ ಮಗನ ಅಂಗ, ಮಣ್ಣು ಸೇರ್ಬೇಕು ಅಂದ್ರು. ನೀನು ಅದನ್ನ ಕುಸ್‌ಕುಸ್ ರವೆ ಡಬ್ಬಿ ಪಕ್ಕ ಇಟ್ಟಿದ್ದೆ. ನಿನಗೆ ನಾಚಿಕೆ ಇಲ್ವಾ?"

ಮೊಂಜಿ ಬರಿಗಾಲಲ್ಲೇ ಸ್ಮಶಾನಕ್ಕೆ ಓಡಿದ. ಅಷ್ಟು ಹೊತ್ತಿಗೆ ಕೇರಿಯ ಗಂಡಸರು ಪೆಟ್ಟಿಗೆಯನ್ನು ಹೊರಗಿನಿಂದಲೇ ಮೂರು ಸಲ ತೊಳೆದು, ಬಿಳಿಬಟ್ಟೆ ಸುತ್ತಿ, ಮಣ್ಣು ಮುಚ್ಚಿಬಿಟ್ಟಿದ್ದರು. ಶೇಖ್ ಕಣ್ಣು ಮುಚ್ಚಿ ದುಆ ಮಾಡುತ್ತಿದ್ದರು.

"ಶೇಖರೇ, ಅದು ನನ್ನ ಕೆಲಸದ್ದು..."

"ಅಳಬೇಡ ಮಗಾ," ಎಂದು ಶೇಖ್ ಅವನ ಬೆನ್ನು ಸವರಿದರು. "ಯಾರದೋ ಪಾಪ. ಮೂಗಿಲ್ಲದೆ ಎಲ್ಲಿ ಅಲೀತಿದಾನೋ."

ಜನರ ಎದುರು ಅಗೆಯುವಂತಿಲ್ಲ. ಮೊಂಜಿ ಗೋಡೆಯ ಮರೆಯಲ್ಲಿ ಕುಳಿತು ಸೂರ್ಯನನ್ನು ದುರುಗುಟ್ಟಿ ನೋಡಿದ. ಕೊನೆಗೂ ಉಪವಾಸ ಬಿಡುವ ಹೊತ್ತು ಸಾರುವ ಕೋಟೆಯ ತೋಪು ಢಂ ಎಂದಿತು. ಊರಿಗೆ ಊರೇ ಸೂಪಿನ ಬಟ್ಟಲಿಗೆ ಬಗ್ಗಿತು, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಬಾಯಿಗೊಂದು ಖರ್ಜೂರ ಎಸೆದುಕೊಂಡು ಹೆಗ್ಗಣದ ಹಾಗೆ ಎರಡೂ ಕೈಯಲ್ಲಿ ಕೆರೆದ. ಪೆಟ್ಟಿಗೆ ಸಿಕ್ಕಿತು. ಅದನ್ನು ಅವಚಿಕೊಂಡು ಪ್ರಯೋಗಾಲಯಕ್ಕೆ ಓಡಿದ ಓಟಕ್ಕೆ ನಾಯಿಗಳೂ ದಾರಿ ಬಿಟ್ಟವು.

ಡಾಕ್ಟರ್ ಪೆಟ್ಟಿಗೆಯೊಳಗಿನ ಕೊಳವೆಯನ್ನು ಬೆಳಕಿಗೆ ಹಿಡಿದರು. "ಒಂಚೂರೂ ಕರಗಿಲ್ಲ! ಭೇಷ್ ಮೊಂಜಿ! ಅದ್ಸರಿ, ಮೀಸೆ ತುಂಬ ಮಣ್ಣು ಯಾಕೆ?"

ಅವನು ಎಲ್ಲವನ್ನೂ ಹೇಳಿದ. ಡಾಕ್ಟರ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು.

"ಅಯ್ಯೋ, ಇದು ಯಾರ ಮೂಗಿಂದಾನೂ ತೆಗೆದಿದ್ದಲ್ಲಪ್ಪ! ಪತಂಗದ ಜೀವಕೋಶಕ್ಕೆ ಮನುಷ್ಯನ ವಂಶವಾಹಿ ಸೇರಿಸಿ, ಅದರ ಕೈಲೇ ಮಾಡಿಸಿದ್ದು. ಹೋಗಿ ಹೇಳು, ಜನ ನೆಮ್ಮದಿಯಾಗಿರಲಿ."

ಮೊಂಜಿಗೆ ರೆಕ್ಕೆ ಬಂತು. ನಮಾಜು ಮುಗಿಸಿ ಚಹಾದಂಗಡಿಯಲ್ಲಿ ಕೂತಿದ್ದವರ ನಡುವೆ ನಿಂತು ಸಾರಿದ. "ಚಿಂತೆ ಬಿಡಿ! ಅದು ಮನುಷ್ಯನದಲ್ಲ. ಹುಳ ಮಾಡಿದ್ದು!"

ಶೇಖ್ ಲೋಟ ಕೆಳಗಿಟ್ಟರು. "ಅಂದ್ರೆ, ನನ್ನ ಕೈಲಿ ಹುಳಕ್ಕೆ ದುಆ ಮಾಡಿಸ್ದೆ?"

ಅಂಗಡಿಯೆದುರಿನ ತನ್ನ ಮನೆ ಕಿಟಕಿಯಿಂದ ಸಲ್ಹಾ ಖಾಲಾ ಕಿರುಚಿದಳು. "ನನ್ನ ಗೋರಿಗೆ ಅಂತ ಕಾದಿಟ್ಟ ಜಾಗಾನೇ ಅದಕ್ಕೆ ಕೊಟ್ಟೆನಲ್ಲೋ! ಇನ್ನು ನಾನು ಹುಳದ ಜೊತೆ ಮಲಗ್ಲಾ?"

"ಹುಳ ಈಗ ಅಲ್ಲಿಲ್ಲ ಖಾಲಾ," ಎಂದ ಮೊಂಜಿ, ಸಮಾಧಾನ ಮಾಡಲು ಹೋಗಿ. "ನಾನೇ ಅಗೆದು ತೆಗೆದೆ."

ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೇ ಎದ್ದು ನಿಂತರು.

"ಗೋರಿ ಅಗೆದ್ಯಾ?"

ಮರುದಿನ ಬೆಳಗಾಗುವಷ್ಟರಲ್ಲಿ ಕೇರಿಗೆ ಕೇರಿಯೇ ಪ್ರಯೋಗಾಲಯದ ಗೇಟಿನೆದುರು. ಡಾಕ್ಟರ್ ಹಿಂಬಾಗಿಲಿನಿಂದ ಮೊಂಜಿಯನ್ನು ಹೊರಗೆ ಕಳಿಸಿದರು. "ಪ್ರೋಟೀನು ತಣ್ಣಗೇ ಇದೆ ಕಣಪ್ಪ, ನಿನ್ನ ಋಣ ಮರೆಯಲ್ಲ. ಆದ್ರೆ ಈ ಜನ ತಣ್ಣಗಾಗೋವರೆಗೂ ನೀನು ಈ ಕಡೆ ಬರೋದೇ ಬೇಡ."

ಜನ ಆ ವಾರ ತಣ್ಣಗಾಗಲಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಮೊಂಜಿ ಕೆಲಿಬಿಯಾದ ಅತ್ತೆ ಮನೆಗೆ ಹೊರಟುಹೋದ.