ಸೆಲ್ಯೂಟಿಗೆ ಏಳದ ಕೈ

ಗೋವಾದ ಸಾಂಕೋಲೆಯ ಕಾರ್ಖಾನೆಯೊಂದರ ಗೇಟಿನ ಮುಂದೆ ಮ್ಯಾನೇಜರರ ಕಾರು ಹಾರ್ನ್ ಹೊಡೆದದ್ದೇ ತಡ, ಕಾವಲುಗಾರ ಗಂಗಪ್ಪ ಕುರ್ಚಿಯಿಂದ ಧಡಕ್ಕನೆ ಎದ್ದು ಸೆಲ್ಯೂಟ್ ಹೊಡೆಯಹೋದ. ತೋಳು ಹಣೆಯವರೆಗೆ ಬಂತು. ಮಣಿಕಟ್ಟಿನಿಂದಾಚೆ ಅಂಗೈ ಮಾತ್ರ ಒದ್ದೆ ಟವೆಲ್ಲಿನಂತೆ ಜೋತುಬಿತ್ತು. ಬೆರಳುಗಳು ನೆಟ್ಟಗಾಗಲೊಲ್ಲವು. ಕಾರಿನಲ್ಲಿದ್ದವರಿಗೆ ಅದು 'ಹೋಗು, ಹೋಗು' ಅಂದಂತೆ ಕಂಡಿತೋ ಏನೋ.

ಸೂಪರ್‌ವೈಸರ್ ದಿಗಂಬರ ಓಡಿ ಬಂದರು. "ಲಕ್ವಾ ಹೊಡದೈತಿ ಗಂಗಪ್ಪ! ಹೆದರಬ್ಯಾಡ. ನಿನ್ನಂಥಾ ನಂಬಿಗಸ್ತನ್ನ ಕಂಪನಿ ಮರಿಯೂದಿಲ್ಲ. ಆಫೀಸಿನ್ಯಾಗ ಕುಂತು ಮಾಡೂ ಕೆಲಸ ನಾ ಕೊಡಸ್ತೇನಿ."

ಪಾಪ, ಗಂಗಪ್ಪನಿಗೆ ಸಮಾಧಾನವೆಲ್ಲಿಯದು? ರೊಟ್ಟಿ ಮುರಿದ, ಮಗಳ ತಲೆ ಸವರಿದ ಕೈ ಅದು. ಈಗ ಬೇರೆ ಯಾರದೋ ಅನ್ನಿಸುತ್ತಿತ್ತು. ಕೈ ಹೋದರೆ ಗೇಟು ಹೋಯಿತು, ಗೇಟು ಹೋದರೆ ಗೋವಾದಲ್ಲಿ ತನಗೇನಿದೆ?

ಹೆಂಡತಿ ಭಾಗವ್ವನನ್ನೂ ಆಸ್ಪತ್ರೆಗೆ ಕರೆದೊಯ್ಯಲೆಂದು ದಿಗಂಬರ ಅವನನ್ನು ತಮ್ಮ ಕಾರಿನಲ್ಲಿ ಝುವಾರಿನಗರದ ಮನೆಗೆ ಕರೆತಂದರೆ ಓಣಿಗೆ ಓಣಿಯೇ ನೆರೆಯಿತು. ಪಕ್ಕದ ಮನೆಯ ಹುಲಿಗೆಮ್ಮ, "ಪಾರಿವಾಳದ ರಕ್ತಾ ತಿಕ್ಕಬೇಕವ್ವ!" ಎಂದು ಪಾರಿವಾಳ ಹಿಡಿಯಲು ಓಡಿದಳು. ಎದುರುಮನೆಯ ಕಾಸೀಮಸಾಬ ಗಂಗಪ್ಪನ ಗದ್ದ ಹಿಡಿದು, "ನಗು ನೋಡೂಣು" ಎಂದ. ಗಂಗಪ್ಪ ಹೆದರಿಕೆಯಲ್ಲೇ ನಕ್ಕ.

"ಯಾ ಅಲ್ಲಾ, ಬಾಯಿ ಸೊಟ್ಟ ಆಗೇತಿ!"

"ಅವರು ನಗೂದ ಹಂಗರಿ," ಎಂದಳು ಭಾಗವ್ವ ಅಳುತ್ತಲೇ. "ಲಗ್ನದ ಫೋಟೋದಾಗೂ ಹಂಗ ಅದಾರ."

ಪಾರಿವಾಳ ಸಿಗುವ ಮೊದಲೇ ದಿಗಂಬರ ಇಬ್ಬರನ್ನೂ ಕಾರಿಗೆ ತುಂಬಿದರು.

ಆಸ್ಪತ್ರೆಯಲ್ಲಿ ಧಾರವಾಡ ಕಡೆಯ ಡಾಕ್ಟರ್ ಮೃದುಲಾ ನಾಲಿಗೆ ನೋಡಿದರು, ಕಾಲು ಎತ್ತಿಸಿದರು, ಅಂಗೈ ಹಿಂಭಾಗ ಚುಚ್ಚಿ ನೋಡಿದರು.

"ಇದು ಲಕ್ವಾ ಅಲ್ಲರಿ. ಮಿದುಳಿಗೇನೂ ಆಗಿಲ್ಲ. ಕುತ್ತಿಗಿಯಿಂದ ಹೊಂಟ ಒಂದು ನರ ತೋಳಿನ ಎಲುಬಿಗೆ ಬಳ್ಳಿ ಹಂಗ ಸುತ್ತಿ ಕೆಳಗ ಇಳೀತದ. ಅಂಗೈ ಮ್ಯಾಲ ಎತ್ತು ಅನ್ನೋ ಮಿದುಳಿನ ಹುಕುಮು ಅದರಾಗ ಬರ್ತದ. ತೋಳಿನ್ಯಾಗ ಅದು ಅಮುಕೇದ, ಹುಕುಮು ಮುಟ್ಟವಲ್ಲದು. ಪಟ್ಟಿ ಕಟ್ಟತೇನಿ. ಕೆಲವು ವಾರದಾಗ ಕೈ ತಾನ ಏಳ್ತದ."

ಭಾಗವ್ವ ಎರಡೂ ಕೈ ಮುಗಿದಳು. ಗಂಗಪ್ಪನ ಕಣ್ಣು ತುಂಬಿ ಬಂತು. ಕೈ ತನ್ನದೇ, ಗೇಟೂ ತನ್ನದೇ!

"ನರ ಹೆಂಗ ಅಮುಕತೈತ್ರಿ?" ದಿಗಂಬರ ಕಾಳಜಿಯಿಂದ ಕೇಳಿದರು.

"ಕುರ್ಚಿ ಬೆನ್ನಿನ ಮ್ಯಾಲ ತೋಳು ಇಳಿಬಿಟ್ಟು ತಾಸುಗಟ್ಟಲೆ ಗಡದ್ದ ನಿದ್ದಿ ಹೊಡದ್ರ ಹಿಂಗಾಗ್ತದ."

ಗಂಗಪ್ಪ ಥಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿದ. ಭಾಗವ್ವನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು.

"ಏನ್ ಮಾತರಿ ಡಾಕ್ಟರಮ್ಮಾ! ನಮ್ಮನಿಯವರು ನೆಲದ ಮ್ಯಾಲ ಚಾಪಿ ಹಾಸಿ ಮಲಗೂ ಮಂದಿ. ನಮ್ಮ ಮನ್ಯಾಗ ಕುರ್ಚೀನ ಇಲ್ಲರಿ!"

ದಿಗಂಬರ ಗಂಗಪ್ಪನನ್ನು ಬಹಳ ಹೊತ್ತು ನೋಡಿದರು.

"ಗಂಗಪ್ಪ, ಕೈ ಚಲೋ ಆಗೂತನಕ ಮನ್ಯಾಗ ಇರು," ಎಂದು ಬಾಗಿಲವರೆಗೆ ಹೋಗಿ ತಿರುಗಿದರು. "ಆಮ್ಯಾಲೂ ಅಲ್ಲೇ ಇರು."